ಕಣ್ಣು ಕಟ್ಟಿಕೊಂಡು ತಿಂದ ಎಣ್ಣೆಗಾಯಿ

ಗುರುವಾರ ಕಾರ್ಖಾನೆಗೆ ವಾರದ ರಜೆ. ರಜೆಯ ದಿನ ಬಿಸಿಲು ಮುಖಕ್ಕೆ ಬಡಿಯುವ ತನಕ ಏಳದ ದೇವಾನಂದ ಅವತ್ತು ಹಾಲಿನವನಿಗಿಂತ ಮೊದಲೇ ಎದ್ದು ಟಿವಿಯ ಹಿಂದೆ ಬಗ್ಗಿ ನಿಂತಿದ್ದ. ಕೇಬಲ್ಲಿನ ವಯರು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ಬೆರಳಿನಿಂದ ಮುಟ್ಟಿ ನೋಡಿದ. ಸ್ವಲ್ಪ ಎಳೆದು ಬಿಟ್ಟರೆ ಸಾಕು, ಸಂಜೆಗೆ ಪರದೆಯ ತುಂಬ ಬರೀ ಚುಕ್ಕಿ ಕುಣಿಯುತ್ತವೆ, ಹಳೆಯ ಟಿವಿ ಕೈಕೊಟ್ಟಿತು ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಾರೆ. ಹೀಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೆಂಡತಿ ಟಿವಿಯಲ್ಲಿ ಬರುತ್ತಾಳೆಂದರೆ ಬೇರೆ ಗಂಡಂದಿರು ಹೊಸ ಟಿವಿ ತರುತ್ತಾರೆ, ಇವನು ಇದ್ದದ್ದರ ವಯರು ಕೀಳಲು ನೋಡುತ್ತಿದ್ದಾನೆ. ಅಷ್ಟರಲ್ಲಿ ಅಡಿಗೆಮನೆಯಿಂದ ಸಪ್ನಾ ಇಣುಕಿ, "ಏನ್ ನಡಸೀರಿ ಅಲ್ಲಿ?" ಎಂದಳು. ಕೈಯಲ್ಲಿ ಬಟ್ಟೆ ಇರಲಿಲ್ಲವಾದ್ದರಿಂದ ಅಂಗಿಯ ಚುಂಗಿನಿಂದಲೇ ಟಿವಿಯ ಬೆನ್ನು ಉಜ್ಜುತ್ತ, "ಧೂಳಾ ಒರಸ್ಲಕತ್ತೀನಿ" ಎಂದ. ಸಪ್ನಾ ಅವನನ್ನೂ ಅವನ ಅಂಗಿಯನ್ನೂ ಒಮ್ಮೆ ನೋಡಿ, ತುಟಿ ಒಳಗೇ ನಕ್ಕು, ಮತ್ತೆ ರೊಟ್ಟಿ ಬಡಿಯಲು ಹೋದಳು.

ಆ ನಗುವೇ ಅವನಿಗೆ ತಾಳಲಾಗದ್ದು. ಟಿವಿಯ ಶೂಟಿಂಗ್ ಮುಗಿಸಿ ಬಂದಾಗಿನಿಂದ ಅವಳು ಹೀಗೇ ಇದ್ದಾಳೆ. ರೊಟ್ಟಿ ಬಡಿಯುವಾಗ ಹಾಡು ಗುನುಗುತ್ತಾಳೆ, ಹಿಂಜವಾಡಿಯ ಕಂಪನಿಯೊಂದರ ಕ್ಯಾಂಟೀನಿಗೆ ಹೊರಡುವ ಮುಂಚೆ ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾಳೆ. ಆ ಕ್ಯಾಂಟೀನಿನಲ್ಲಿ ಅವಳ ಕೆಲಸ ಕಾಯಿಪಲ್ಯ ಹೆಚ್ಚುವುದು, ಆಳು ಬರದ ದಿನ ಸಾರಿಗೆ ಒಗ್ಗರಣೆ ಕೊಡುವುದು. ಒಗ್ಗರಣೆ ಕೊಟ್ಟ ಒಂದು ದಿನ ಸಿಂಧೂರ ಎನ್ನುವ ಬೆಂಗಳೂರಿನ ಹುಡುಗಿ ಎರಡು ಸಲ ಸಾರು ಹಾಕಿಸಿಕೊಂಡು, ಒಳಗೆ ಬಂದು, "ಸಪ್ನಕ್ಕ, ನೀವು ಆ ಟಿವಿ ಶೋಗೆ ಅಪ್ಲೈ ಮಾಡ್ಲೇಬೇಕು, ನಾನೇ ಮಾಡ್ಕೊಡ್ತೀನಿ, ಸುಮ್ನೆ ಒಂದು ಫೋಟೋ ತೆಗಿಸ್ಕೊಳಿ" ಎಂದಿದ್ದಳು. ಶೆಫ್ ಆಗಬೇಕೆನ್ನುವವರಿಗಾಗಿ ಮರಾಠಿ ಚಾನೆಲ್ಲಿನವರು ನಡೆಸುವ ಸ್ಪರ್ಧೆ ಅದು, 'ಉದ್ಯಾಚಾ ಶೆಫ್', ನಾಳಿನ ಶೆಫ್ ಎಂದು. ಸಪ್ನಾ ಆಯ್ಕೆಯಾದಾಗ, ದುಡಿಯಲು ಮಹಾರಾಷ್ಟ್ರಕ್ಕೆ ಬಂದ ಅವರು ನೆಲೆಸಿದ್ದ ನಿಗಡಿಯ ಗಲ್ಲಿಯಲ್ಲಿ ಪೇಢೆ ಹಂಚಿದವನು ದೇವಾನಂದನೇ. ಹಿಂಜವಾಡಿಯ ಆಚೆ ದೊಡ್ಡದೊಂದು ಗೋದಾಮಿನಲ್ಲಿ ಶೂಟಿಂಗು. ಯಾರು ಯಾವಾಗ ಹೊರಬಿದ್ದರೆಂದು ಹೊರಗೆ ತಿಳಿಯಬಾರದೆಂದು, ಸೋತವರನ್ನೂ ಕೊನೆಯ ತನಕ ಲಾಡ್ಜಿನಲ್ಲೇ ಇಟ್ಟುಕೊಂಡು, ಎಲ್ಲ ಮುಗಿದ ಮೇಲೆ ಒಂದೇ ಬಸ್ಸಿನಲ್ಲಿ ಕಳಿಸಿದ್ದರು. ಬಸ್ಸಿಳಿದು ಬಂದವಳಿಗೆ ದೇವಾನಂದನ ಅವ್ವ ಮಾನಮ್ಮ ನೀರು ಕೊಡುವ ಮೊದಲೇ "ಗೆದ್ದೇನವಾ?" ಎಂದು ಕೇಳಿದಳು. "ಟಿವ್ಯಾಗ ನೋಡ್ರಿ ಅತ್ತಿ, ಹೇಳಬಾರ್ದಂತ ಸಹಿ ಮಾಡಿಸ್ಕೊಂಡಾರ" ಎಂದಳು ಸಪ್ನಾ. ಗಂಡನಿಗೂ ಅಷ್ಟೇ ಹೇಳಿದಳು.

ಗಂಡ ಮತ್ತೆ ಕೇಳಲಿಲ್ಲ. ಕೇಳುವ ಮುಖ ಅವನಿಗಿರಲಿಲ್ಲ. ಯಾಕೆಂದರೆ ಒಂದು ದಿನದ ಶೂಟಿಂಗಿಗೆ ಅವನೂ ಹೋಗಿದ್ದ. ಮನೆಯವರ ಸುತ್ತು ಎಂದು ಅದಕ್ಕೆ ಹೆಸರು. ಉಳಿದಿದ್ದ ಐದು ಜನ ಸ್ಪರ್ಧಿಗಳೂ ಎಣ್ಣೆಗಾಯಿ ಮಾಡಬೇಕು, ಅವರವರ ಮನೆಯಿಂದ ಬಂದವರು ಕಣ್ಣು ಕಟ್ಟಿಸಿಕೊಂಡು ಐದೂ ತಾಟಿನಿಂದ ರುಚಿ ನೋಡಿ, ತಮ್ಮ ಮನೆಯವಳದ್ದು ಯಾವುದೋ ಅದರ ಮುಂದೆ ಕೈ ಎತ್ತಬೇಕು. ಸರಿಯಾಗಿ ಎತ್ತಿದರೆ ಅವಳು ಆ ವಾರ ಪಾರು. ತಪ್ಪಿದರೆ ಹೊರಗೆ ಹಾಕುವ ಸುತ್ತಿನಲ್ಲಿ ನಿಲ್ಲಬೇಕು. ಇಷ್ಟು ಸುಲಭದ ಸ್ಪರ್ಧೆ ಟಿವಿಯವರು ಯಾಕೆ ಇಟ್ಟಿದ್ದಾರೆ ಎಂದು ದೇವಾನಂದನಿಗೆ ಸೋಜಿಗವಾಗಿತ್ತು. ಮದುವೆಯಾದಾಗಿನಿಂದ ಅವಳ ಕೈ ಅಡಿಗೆಯನ್ನೇ ಉಂಡವನು ತಾನು, ಇದರಲ್ಲಿ ಪರೀಕ್ಷೆ ಏನು ಬಂತು? ಒಬ್ಬ ಹುಡುಗಿ ಅವನ ಮುಖಕ್ಕೆ ಪೌಡರು ಬಳಿಯುವಾಗ ಅವನು ಅವಳಿಗೂ ಅದನ್ನೇ ಹೇಳಿದ. ಕಪ್ಪು ಬಟ್ಟೆ ಕಟ್ಟಿದರು. ಮೊದಲನೆಯ ತಾಟಿನಲ್ಲಿ ಕೊಬ್ಬರಿ ಇತ್ತು, ಯಾರೋ ಕೊಂಕಣದವರದ್ದಿರಬೇಕು. ಎರಡನೆಯದು ಬಾಯಿಗಿಟ್ಟ ಕೂಡಲೇ ಹುಳಿ ಕಿವಿಯ ತನಕ ಏರಿತು. ಅವನಿಗೆ ಏನು ಹುಕಿ ಬಂತೋ, ಸುತ್ತ ಕ್ಯಾಮರಾ ಇವೆಯೆಂಬ ಉಮೇದೋ, ಮರಾಠಿಯಲ್ಲಿ ಗಟ್ಟಿಯಾಗಿ, "ಹೇ ಕೋಣೀ ಕೇಲಂಯ? ತಿಚಾ ನವರಾ ಬಿಚಾರಾ" ಎಂದುಬಿಟ್ಟ. ಇದನ್ನು ಮಾಡಿದವಳ ಗಂಡ ಪಾಪ, ಎಂದು. ಇಡೀ ಸೆಟ್ಟು ನಕ್ಕಿತು. ಆ ನಗು ಅವನಿಗೆ ಎಷ್ಟು ಹಿತವಾಗಿತ್ತು ಎಂದರೆ ಈಗ ನೆನೆದರೆ ಬೆವರು ಬರುತ್ತದೆ. ನಾಲ್ಕನೆಯ ತಾಟಿಗೆ ಬಂದಾಗ ಗುರೆಳ್ಳಿನ ಪುಡಿ, ಶೇಂಗಾ, ಕಪ್ಪಗೆ ಹುರಿದ ಮಸಾಲೆ ಖಾರ, ಚೂರು ಬೆಲ್ಲ. "ಹೇಚ ಆಮ್ಚಂ" ಎಂದು ಎರಡೂ ಕೈ ಎತ್ತಿದ. ಇದೇ ನಮ್ಮದು. ಚಪ್ಪಾಳೆಗೆ ಕಾದ. ಚಪ್ಪಾಳೆ ಬರಲಿಲ್ಲ. ಬಟ್ಟೆ ಬಿಚ್ಚಿ ನೋಡಿದರೆ ಆ ತಾಟಿನ ಹಿಂದೆ ನಿಂತವಳು ಅಕ್ಕಲಕೋಟೆಯ ನರ್ಮದಾ ಎನ್ನುವ ಹೆಂಗಸು, ತನ್ನ ಗಂಡನ ಕಡೆ ಗಾಬರಿಯಿಂದ ನೋಡುತ್ತಿದ್ದಳು. ಆ ಗಂಡ ಸರದಿಯಲ್ಲಿ ನಿಂತಲ್ಲಿಂದ ದೇವಾನಂದನನ್ನು ಅಷ್ಟೇನೂ ಒಳ್ಳೆಯ ಕಣ್ಣಿನಿಂದ ನೋಡಲಿಲ್ಲ. ಸಪ್ನಾ ಎರಡನೆಯ ತಾಟಿನ ಹಿಂದೆ ಇದ್ದಳು.

ಅವಳ ಮುಖ ಹೇಗಿತ್ತೆಂದು ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಅವಳು ಬಗ್ಗಿ ಏಪ್ರನ್ನಿನ ಗಂಟು ಬಿಗಿದುಕೊಳ್ಳುತ್ತಿದ್ದುದು ಮಾತ್ರ ನೆನಪಿದೆ. ಸ್ಪರ್ಧಿಗಳೊಂದಿಗೆ ಮಾತಾಡಲು ಬಿಡದೆ, ಗಂಡಂದಿರಿಗೆಲ್ಲ ಒಂದೊಂದು ಅಂಟದ ತವೆ ಕೊಟ್ಟು ವಾಪಸು ಕಳಿಸಿದರು. ಹೊರಗೆ ಹಾಕುವ ಸುತ್ತು ಮರುದಿನ. ಅವಳು ಉಳಿದಳೋ ಬಿಟ್ಟಳೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ತವೆಯನ್ನು ಅಟ್ಟದ ಮೇಲೆ ಹಳೆಯ ಚಾಪೆಯ ಹಿಂದೆ ತಳ್ಳಿದ. ಅವ್ವ ಬಾಗಿಲಲ್ಲೇ ಹಿಡಿದು, "ಗುರ್ತು ಹಿಡದ್ಯಾ?" ಎಂದಾಗ, ಸುಸ್ತಾಗಿತ್ತು, ಬೇರೆ ಏನೂ ಹೊಳೆಯಲಿಲ್ಲ, "ಒಂದೇ ತುತ್ತಿನ್ಯಾಗ" ಎಂದ. ಅವ್ವ ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಾನಮ್ಮನ ಮಗ ಒಂದೇ ತುತ್ತಿನಲ್ಲಿ ಹೆಂಡತಿಯ ಕೈ ಗುರುತು ಹಿಡಿದ ಎನ್ನುವ ಸುದ್ದಿ ನಳದ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ಸೋದರಳಿಯ ಭೀಮುವಿನ ಜೊತೆ ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಗೌಂಡಿಗಳ ಶೆಡ್ಡಿನಲ್ಲಿ, ಎಲ್ಲ ಕಡೆ ಹೋಯಿತು. ಸಪ್ನಾ ವಾಪಸು ಬಂದ ದಿನ ಅವಳ ಮುಂದೆಯೇ ಭೀಮು, "ನಾಲಿಗಿ ಅಂದ್ರ ನಾಲಿಗಿ ನೋಡು ಮಾವಂದು" ಎಂದಾಗ ಅವಳು ದೇವಾನಂದನ ಮುಖ ನೋಡಿ, "ಹೌದೌದು" ಎಂದು ಚಹಾ ಸೋಸಿದಳು. ಬೈದಿದ್ದರೆ ಅವನು ಅವತ್ತು ನೆಮ್ಮದಿಯಿಂದ ಮಲಗುತ್ತಿದ್ದ.

ಆ ಸಂಚಿಕೆಯೇ ಇವತ್ತು ಸಂಜೆ ಬರುವುದಿತ್ತು. ಎಡಿಟಿಂಗಿನಲ್ಲಿ ತನ್ನ ಆ ಮಾತನ್ನು ಕತ್ತರಿಸಿರಬಹುದು ಎಂದು ಅವನು ದಿನಾ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಆದರೆ ಟಿವಿಯವರು ಕೆಟ್ಟ ತುಂಡು ಬಿಟ್ಟು ಒಳ್ಳೆಯ ತುಂಡು ಇಟ್ಟುಕೊಳ್ಳುವ ಜನವೇ? ತಿಂಡಿ ತಿಂದದ್ದೇ ಚಪ್ಪಲಿ ಮೆಟ್ಟಿಕೊಂಡು ಕೇಬಲ್ಲಿನ ದತ್ತುವಿನ ಅಂಗಡಿಗೆ ಹೋದ. ದತ್ತು ಗಲ್ಲಿಯ ಗಣಪತಿ ಮಂಡಳದ ಕಾರ್ಯದರ್ಶಿಯೂ ಹೌದು, ಇವನಿಗೆ ಹಳೆಯ ದೋಸ್ತನೂ ಹೌದು. ಸಂಜೆ ಒಂದು ತಾಸು ನಮ್ಮ ಸಾಲಿನ ಕೇಬಲ್ಲು ಬಂದಾಗುವ ಹಾಗೆ ಏನಾದರೂ ಮಾಡಲಾದೀತೇ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಮರಾಠಿಯಲ್ಲಿ ವಾಕ್ಯ ಜೋಡಿಸಿಕೊಂಡಿದ್ದ. ದತ್ತು ಅವನನ್ನು ಕಂಡವನೇ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದ. "ಯೇ ದೇವಾ, ತುಝೀಚ ವಾಟ ಬಘತ ಹೋತೋ" ಎಂದು, ನಿನ್ನ ದಾರಿಯನ್ನೇ ನೋಡುತ್ತಿದ್ದೆ ಎಂದು, ಮಂಡಳದ ತಗಡಿನ ಶೆಡ್ಡಿನ ಕಡೆಗೆ ಎಳೆದುಕೊಂಡು ಹೋದ. ಅಲ್ಲಿ ಇಬ್ಬರು ಬಿಳಿಯ ಪರದೆ ಕಟ್ಟುತ್ತಿದ್ದರು. ಗಲ್ಲಿಯ ಸೊಸೆ ಟಿವಿಯಲ್ಲಿ ಬಂದರೆ ಪುಟ್ಟ ಟಿವಿಯಲ್ಲಿ ನೋಡುವುದೇನು, ಇಲ್ಲಿ ದೊಡ್ಡದಾಗಿ ನೋಡೋಣ, ಕುರ್ಚಿ ತರಲು ಹೇಳಿದ್ದೇನೆ, ಸ್ಪೀಕರ್ ಹಬ್ಬದವೇ ಇವೆ, ನಿನ್ನ ಅವ್ವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಎಂದ. ದೇವಾನಂದ ಪರದೆಯನ್ನು ನೋಡಿದ. ತನ್ನ ಮುಖ ಅದರ ಮೇಲೆ ಎಷ್ಟು ಅಗಲ ಕಾಣಬಹುದೆಂದು ಅಂದಾಜು ಹಾಕಿದ. "ಚಾಂಗಲಂ ಕೇಲಂಸ" ಎಂದ, ಒಳ್ಳೇದು ಮಾಡಿದಿ. ಕಟ್ಟುವವರಿಗೆ ಹಗ್ಗ ಹಿಡಿದುಕೊಟ್ಟು ಬಂದ.

ಮಧ್ಯಾಹ್ನ ಸಪ್ನಾ ಬಾಗಿಲ ಹೊಸ್ತಿಲ ಮೇಲೆ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದಳು. ಕ್ಯಾಂಟೀನಿಗೆ ಅವಳೂ ರಜೆ ಹಾಕಿದ್ದಳು. ಅವ್ವ ಒಳಗೆ ಮಲಗಿದ್ದಳು. ಇದೇ ಸಮಯ ಎಂದು ದೇವಾನಂದ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಮದುವೆಯಾದ ಹೊಸತರಲ್ಲಿ ಊರಿನಲ್ಲಿ ಹೀಗೇ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು, ಆಗ ಇನ್ನೂ ಬಾಯಿ ಬಿಟ್ಟು ಮಾತಾಡುತ್ತಿರಲಿಲ್ಲ. ಒಲೆಯ ಮುಂದೆ ಕೂತಾಗ ಹಿಂದೆ ಅವ್ವ ನಿಂತು, ಹಾಂಗಲ್ಲವಾ, ನಮ್ಮ ಮನ್ಯಾಗ ಗುರೆಳ್ಳು ಹಾಕ್ತೀವಿ, ನಮ್ಮ ಮನ್ಯಾಗ ಇಷ್ಟು ಹುಳಿ ತಿನ್ನಂಗಿಲ್ಲ, ಎಂದು ಹೇಳಿಕೊಡುತ್ತಿದ್ದಳು. ಬೈಗುಳವೇನೂ ಅಲ್ಲ, ಮೆತ್ತಗೆ ಹೇಳುತ್ತಿದ್ದಳು. ಕೆಲವು ತಿಂಗಳಲ್ಲಿ ಒಂದು ದಿನ ಊಟಕ್ಕೆ ಕೂತವನು ತುತ್ತು ಬಾಯಿಗಿಟ್ಟು, "ಥೇಟ್ ಅವ್ವನ ಕೈ" ಎಂದಿದ್ದ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನಿಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಸಪ್ನಾ ಆಗ ನಕ್ಕಿದ್ದಳೇ? ನಕ್ಕಿರಬೇಕು. "ಅದು, ಅವತ್ತ ನಾ ಏನ್ ಅಂದೆ ಅಂದ್ರ..." ಎಂದು ಶುರು ಮಾಡಿದ.

"ನನಗ ಗೊತ್ತದಲ್ರಿ," ಎಂದಳು ಸಪ್ನಾ ಸೊಪ್ಪಿನಿಂದ ಕಣ್ಣೆತ್ತದೆ. "ನಾ ಅಲ್ಲೇ ನಿಂತಿದ್ದೆ."

ಹೌದಲ್ಲ, ಎನ್ನಿಸಿತು. ಇಷ್ಟು ದಿನ ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳಬೇಕು ಎಂದು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಅವಳ ಕಣ್ಣೆದುರಿಗೇ ನಡೆದ ಸಂಗತಿ. ಒಪ್ಪಿಕೊಳ್ಳಲಿಕ್ಕೆ ಏನು ಉಳಿದಿದೆ? "ಬ್ಯಾಸರ ಆಗ್ಯಾದೇನು?" ಎಂದ.

"ಸಂಜೀಗಿ ನೋಡ್ರಿ," ಎಂದಳು. "ಎಲ್ಲಾ ತೋರಸ್ತಾರ."

"ಅವ್ವಗ ನಾ ಸುಳ್ಳು ಹೇಳೀನಿ."

"ಅದೂ ಗೊತ್ತದ," ಎಂದು ಕಾಂಡಗಳನ್ನು ಒಂದು ಕಡೆ ಸರಿಸಿ ಒಳಗೆ ಹೋದಳು. ದೇವಾನಂದ ಖಾಲಿ ಹೊಸ್ತಿಲ ಎದುರು ಇನ್ನೂ ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲೇ ಇದ್ದ. ಎದುರು ಮನೆಯ ಮುದುಕಿ ಏನು ಕಳೆದುಕೊಂಡಿರಿ ಎಂದು ಮರಾಠಿಯಲ್ಲಿ ಕೇಳಿದಾಗ ಎದ್ದ.

ಸಂಜೆ ಶೆಡ್ಡು ತುಂಬಿತು. ಗೌಂಡಿಗಳು ಸಿಮೆಂಟು ತೊಳೆದುಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದರು. ಭೀಮು ಎಲ್ಲರಿಗೂ ಕೇಳುವ ಹಾಗೆ, ಈಗ ನೋಡ್ರಿ ನಮ್ಮ ಮಾವನ ನಾಲಿಗಿ, ಎಂದು ಹೇಳುತ್ತಿದ್ದ. ಮಾನಮ್ಮ ಇಳಕಲ್ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಸಪ್ನಾ. ದೇವಾನಂದ ಹಿಂದೆ, ಕಂಬದ ಮರೆಗೆ ನಿಂತ. ಓಡಿಹೋಗಲು ಅಲ್ಲಿಂದ ಸಲೀಸು. ಐದು ತಾಟು ಕಂಡವು, ಕಣ್ಣು ಕಟ್ಟಿದ ತಾನು ಕಂಡ. ಅಯ್ಯೋ, ಇಷ್ಟು ಎದೆ ಉಬ್ಬಿಸಿಕೊಂಡು ನಿಂತಿದ್ದೆನೇ? ಎರಡನೆಯ ತಾಟು ಬಂತು. ಮಾತು ಬಂತು. ಕತ್ತರಿಸುವುದಿರಲಿ, ಮೂರು ಕಡೆಯಿಂದ ಮೂರು ಸಲ ತೋರಿಸಿದರು, ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದರು, ಕಪ್ಪೆ ಕೂಗಿದ ಹಾಗೆ ಒಂದು ಸಂಗೀತ ಹಾಕಿದರು. ಶೆಡ್ಡಿನ ತಗಡು ಹಾರುವಂತೆ ಜನ ನಕ್ಕರು. ಆ ತಾಟು ಯಾರದ್ದೆಂದು ಅವರಿಗಿನ್ನೂ ಗೊತ್ತಿರಲಿಲ್ಲ. ಅವನು ಎರಡೂ ಕೈ ಎತ್ತಿ, ಕಣ್ಣಿನ ಬಟ್ಟೆ ಬಿಚ್ಚಿದ ಮೇಲೆ, ಕ್ಯಾಮರಾ ಎರಡನೆಯ ತಾಟಿನ ಹಿಂದಿದ್ದ ಸಪ್ನಾಳ ಕಡೆ ತಿರುಗಿದಾಗ ಗೊತ್ತಾಯಿತು. ಆಮೇಲೆ ಮೊದಲಿಗಿಂತ ಜೋರಾಗಿ ನಕ್ಕರು, ಭೀಮು ನೆಲದ ಮೇಲೆ ಕೂತು ಬಿಟ್ಟ, ದತ್ತು ಕಂಬದ ಮರೆಯಿಂದ ದೇವಾನಂದನನ್ನು ಹುಡುಕಿ ಎಳೆದು ತಂದು ಎಲ್ಲರಿಗೂ ತೋರಿಸಿದ. ಅವ್ವ ತಿರುಗಿ ನೋಡಿದಳು. ಅವಳೊಬ್ಬಳು ನಗಲಿಲ್ಲ. ಮರ್ಯಾದೆ ಹೋಗುವಾಗ ಇಷ್ಟು ಸದ್ದಾಗುತ್ತದೆ ಎಂದು ದೇವಾನಂದ ಎಣಿಸಿರಲಿಲ್ಲ. ವಿಚಿತ್ರವೆಂದರೆ, ಹೋದ ಮೇಲೆ ಹಗುರೆನಿಸಿತು. ಅವನು ಮರೆಗೆ ಹೋಗದೆ ಅಲ್ಲೇ ನಿಂತು ಉಳಿದದ್ದನ್ನು ನೋಡಿದ.

ಉಳಿದದ್ದು ಅವನು ನೋಡಿರದ ಭಾಗ. ಹೊರಗೆ ಹಾಕುವ ಸುತ್ತಿನಲ್ಲಿ ಏನೋ ಇಂಗ್ಲಿಷ್ ಹೆಸರಿನ ಕೇಕು ಮಾಡಬೇಕಿತ್ತು. ಸಪ್ನಾಳ ಕೇಕು ನಡುವೆ ಕುಸಿಯಿತು. ಅವಳು ಅದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು, ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿದಾಗ ನಿಲ್ಲುವ ಹಾಗೆ. ಅವಳು ಹೊರಬಿದ್ದಳು. ಶೆಡ್ಡಿನಲ್ಲಿ ಎಲ್ಲರೂ ಚ್ ಚ್ ಎಂದರು, ಕೆಲವರು ದೇವಾನಂದನನ್ನು ನೋಡಿದರು. ನೋಡಲಿ, ನನ್ನಿಂದಲೇ ಆದದ್ದು, ಎಂದುಕೊಂಡ. ಒಂದು ಕೈ ಸರಿಯಾಗಿ ಎತ್ತಿದ್ದರೆ ಅವಳು ಆ ಕೇಕಿನ ಉಸಾಬರಿಗೇ ಹೋಗಬೇಕಿರಲಿಲ್ಲ. ಪರದೆಯ ಮೇಲೆ ನಿರೂಪಕಿ ಸಪ್ನಾಳ ಹೆಗಲು ಹಿಡಿದು, ಗಂಡನ ಮೇಲೆ ಸಿಟ್ಟು ಬಂದಿದೆಯೇ ಎಂದು ಕೇಳಿದಳು. ಸಪ್ನಾ ಮರಾಠಿಯಲ್ಲಿ, ನಿಧಾನಕ್ಕೆ, ಇಲ್ಲ ಎಂದಳು. ಅವರದ್ದೇನು ತಪ್ಪು, ಈ ಎಣ್ಣೆಗಾಯಿ ಅವರು ಹುಟ್ಟಿದಾಗಿನಿಂದ ತಿಂದಿಲ್ಲ, ಗುರುತು ಹೇಗೆ ಹಿಡಿಯುತ್ತಾರೆ? ಇದು ನನ್ನ ತವರು ಸೇಡಮ್ಮಿನಲ್ಲಿ ನಮ್ಮವ್ವ ಮಾಡುವ ರೀತಿ, ಹುಳಿಗೆ ಪುಂಡಿಸೊಪ್ಪು ಅರೆದು ಹಾಕಿ. ಗಂಡನ ಮನೆಯಲ್ಲಿ ನಾನು ಅತ್ತೆಯ ರೀತಿ ಮಾಡುತ್ತೇನೆ. ನಿರೂಪಕಿ ಅಚ್ಚರಿಪಟ್ಟು, ಅಲ್ಲಮ್ಮಾ, ಅತ್ತೆಯ ರೀತಿಯಲ್ಲೇ ಮಾಡಿದ್ದರೆ ಅವರು ಗುರುತು ಹಿಡಿಯುತ್ತಿದ್ದರು, ನೀನು ಪಾರಾಗುತ್ತಿದ್ದೆ, ಎಂದಳು. ಅದಕ್ಕೆ ಸಪ್ನಾ, ನನಗೂ ಅದು ಗೊತ್ತಿತ್ತು, ಆದರೆ ಇದು ಅಡಿಗೆಯ ಸ್ಪರ್ಧೆಯಲ್ಲವೇ, ಇಲ್ಲಾದರೂ ನನ್ನ ಅಡಿಗೆ ಮಾಡೋಣ ಎನ್ನಿಸಿತು, ಎಂದು ಏಪ್ರನ್ನು ಬಿಚ್ಚಿ ಮಡಿಚಿ ಮೇಜಿನ ಮೇಲಿಟ್ಟು, ಕ್ಯಾಮರಾಕ್ಕೆ ಕೈ ಬೀಸಿ ಹೋದಳು.

ಮೊದಲು ಚಪ್ಪಾಳೆ ತಟ್ಟಿದವರು ಹಿಂದಿನ ಸಾಲಿನ ಹೆಂಗಸರು. ಗಂಡಸರು ತಡವಾಗಿ ತಟ್ಟಿದರು. ದೇವಾನಂದನಿಗೆ ಕೈಯೇ ಬರಲಿಲ್ಲ. ಅವಳಿಗೆ ಗೊತ್ತಿತ್ತು. ತಾನು ಸೋಲುತ್ತೇನೆಂದು ಗೊತ್ತಿದ್ದೇ ಅವಳು ಆ ತಾಟು ಇಟ್ಟಿದ್ದಳು. ಹಾಗಾದರೆ ತಪ್ಪು ತನ್ನದಲ್ಲ. ಇಷ್ಟು ದಿನ ನಿದ್ದೆಗೆಟ್ಟು ಸಾಕಿಕೊಂಡು ಬಂದ ತಪ್ಪು ತನ್ನದೇ ಅಲ್ಲ. ಎದೆಯ ಮೇಲಿನ ಕಲ್ಲು ಇಳಿದದ್ದು ಹೌದು, ಇಳಿದ ಮೇಲೆ ಯಾಕೋ ಸ್ವಲ್ಪ ಬೇಜಾರೂ ಆಯಿತು. ತಪ್ಪಿನಲ್ಲೂ ತನಗೆ ಅಂಥ ದೊಡ್ಡ ಪಾತ್ರವೇನೂ ಇರಲಿಲ್ಲವಲ್ಲ. ಮನೆಗೆ ಹೋಗುವಾಗ ಗಲ್ಲಿಯ ಮಕ್ಕಳು "ತಿಚಾ ನವರಾ ಬಿಚಾರಾ" ಎಂದು ಹಾಡಿಕೊಂಡು ಹಿಂದೆ ಬಂದರು. ಅವ್ವ ಮುಂದೆ ನಡೆಯುತ್ತಿದ್ದಳು. ದೇವಾನಂದ ಸಪ್ನಾಳ ಪಕ್ಕಕ್ಕೆ ಬಂದು, "ಬ್ಯಾಸರ ಆಗೇ ಇಲ್ಲೇನು ಹಂಗಾರ?" ಎಂದ.

"ಆಗಿತ್ರಿ," ಎಂದಳು. "ನೀವು ಅಂದಿದ್ದಕ್ಕಲ್ಲ. ಆಕೀ ತಾಟಿನ ಮುಂದ ಎಷ್ಟು ಖುಷೀಲೆ ಎರಡೂ ಕೈ ಎತ್ತಿದ್ರಿ. ಅಷ್ಟು ಖುಷೀಲೆ ನೀವು ಮನ್ಯಾಗ ಎಂದೂ ಉಂಡಿಲ್ಲ."

ದೇವಾನಂದ ಅವಳ ಕೈಯಲ್ಲಿದ್ದ ನೀರಿನ ಬಾಟಲಿ ತೆಗೆದುಕೊಂಡು ತಾನು ಹಿಡಿದುಕೊಂಡ.

ಮನೆಗೆ ಬಂದು ಅವ್ವ ಸೀರೆಯನ್ನೂ ಬದಲಿಸದೆ ಅಡಿಗೆಮನೆಯ ಗೋಡೆಗೆ ಒರಗಿ ಕೂತಳು. "ಹೆಂಗ ಮಾಡ್ತೀ, ಮಾಡು ನೋಡೂನು" ಎಂದಳು. ಜಗಳವೇ ಆಗುವುದಿದ್ದರೆ ಊಟವಾದ ಮೇಲಾದರೂ ಆಗಲಿ ಎಂದುಕೊಂಡ ದೇವಾನಂದ. ಸಪ್ನಾ ಸೆರಗು ಸಿಕ್ಕಿಸಿ, ಬದನೆಕಾಯಿ ಸೀಳಿ, ಪುಂಡಿಸೊಪ್ಪು ಬಾಡಿಸಿ ಒಣಮೆಣಸಿನ ಜೊತೆ ಅರೆದಳು. ಯಾರೂ ಹಿಂದೆ ನಿಂತು ಏನೂ ಹೇಳಲಿಲ್ಲ. ರೊಟ್ಟಿಯ ಜೊತೆ ಮೊದಲ ತುತ್ತು ದೇವಾನಂದನೇ ತಿಂದ. ಈ ಸಲ ಕಣ್ಣು ಬಿಟ್ಟುಕೊಂಡೇ ತಿಂದ, ಹುಳಿ ಹಾಗೆಯೇ ಕಿವಿಗೆ ಏರಿತು. ಭಾಳ ಛಲೋ ಆಗ್ಯಾದ ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿದ. ಸಪ್ನಾ ಅವನನ್ನೇ ನೋಡುತ್ತಿದ್ದಳು. "ನನಗಿನ್ನೂ ರೂಢಿ ಇಲ್ಲ," ಎಂದ. "ಇನ್ನೊಂದು ಹಾಕು." ಅವಳು ಎರಡು ಹಾಕಿದಳು.

ಅವ್ವ ಚೂರು ಮುರಿದು ಬಾಯಿಗಿಟ್ಟಳು. ಅಗಿದಳು, ಅಗಿಯುತ್ತಲೇ ಇದ್ದಳು.

"ಇದು ನಿಮ್ಮವ್ವನ ಕೈ," ಎಂದಳು.

"ಹೌದ್ರಿ ಅತ್ತಿ."

"ಆಂವ ಅಲ್ಲಿ ಕೈ ಎತ್ತಿದ್ನಲ್ಲ, ಅದು ನನ್ನ ಕೈ ಅಂತ ನೀ ತಿಳದೀ. ಅದು ನನ್ನದಲ್ಲವಾ. ನಮ್ಮ ಅತ್ತೀದು. ಗುರೆಳ್ಳು, ಬೆಲ್ಲ, ಎಲ್ಲಾ ಆಕೀದು. ಆಕಿ ನನ್ನ ಹಿಂದ ನಿಂತು ಹೇಳ್ತಿದ್ಳು, ನಾ ನಿನ್ನ ಹಿಂದ ನಿಂತು ಹೇಳ್ದೆ."

ಆ ಅಜ್ಜಿ ದೇವಾನಂದ ಹುಟ್ಟುವ ಮುಂಚೆಯೇ ತೀರಿಕೊಂಡವಳು, ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇಲ್ಲ. ಇಡೀ ಮಹಾರಾಷ್ಟ್ರದ ಎದುರಿಗೆ ಇದೇ ನಮ್ಮದು ಎಂದು ಅವನು ಕೈಯೆತ್ತಿ ಸಾರಿದ್ದು ತಾನು ಮುಖವನ್ನೇ ಕಾಣದ ಹೆಂಗಸಿನ ರುಚಿಗೆ.

"ನಿಮ್ಮವ್ವ ಹೆಂಗ ಮಾಡ್ತಿದ್ರು, ಅತ್ತಿ?" ಎಂದಳು ಸಪ್ನಾ.

ಮಾನಮ್ಮ ಹೇಳಲು ಬಾಯಿ ತೆರೆದಳು. ಏನೂ ಬರಲಿಲ್ಲ. ಬೆರಳಿಗಂಟಿದ ಮಸಾಲೆಯನ್ನು ನೋಡಿದಳು, ಗೋಡೆ ನೋಡಿದಳು, ಮಗನನ್ನು ನೋಡಿದಳು, ಅವನಿಗೇನಾದರೂ ಗೊತ್ತಿರಬಹುದೇನೋ ಎಂಬಂತೆ. "ಅಯ್ಯ, ಮರ್ತೇಬಿಟ್ಟೀನಲ್ಲವಾ," ಎಂದಳು. ಆಮೇಲೆ, "ಏನೋ ಒಂದು ಹಾಕ್ತಿದ್ಳು. ಮೇಲೆ ಉದರಸ್ತಿದ್ಳು. ವಾಸ್ನಿ ಓಣೀ ತನಕ ಬರ್ತಿತ್ತು."

ಸಪ್ನಾ ಒಲೆಯ ಮುಂದಿನಿಂದ ಸರಿದು ಜಾಗ ಮಾಡಿದಳು. ಹಲಗೆಯ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿ ಅತ್ತೆಯ ಎದುರು ಸಾಲಾಗಿ ಇಟ್ಟಳು. ಮಾನಮ್ಮ ಒಂದೊಂದರ ಮುಚ್ಚಳ ತೆಗೆದು ಮೂಸಿದಳು. ಜೀರಿಗೆ, ಅಲ್ಲ. ಎಳ್ಳು, ಅಲ್ಲ. ಮೆಂತ್ಯದ ಹತ್ತಿರ ತುಸು ತಡೆದು, ಅದೂ ಅಲ್ಲವೆಂದು ತಲೆಯಾಡಿಸಿದಳು. ದೇವಾನಂದ ತಾಟನ್ನು ತೊಡೆಯ ಮೇಲಿಟ್ಟುಕೊಂಡು, ಅಗಿಯುವುದನ್ನೂ ಬಿಟ್ಟು ಕೂತಿದ್ದ. ಕೊನೆಗೆ ಒಂದು ಡಬ್ಬಿಯನ್ನು ಅವ್ವ ಮೂಗಿಗೆ ಹಿಡಿದವಳು ಕೆಳಗಿಡಲಿಲ್ಲ. ಇನ್ನೊಮ್ಮೆ ಮೂಸಿದಳು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಒಲಿ ಹಚ್ಚವಾ," ಎಂದಳು.